ಕಿವುಡು ಕಾಲು, ಬಾಯಿಬಡುಕ ಮಶೀನು

ಔಷಧವಿಲ್ಲದ ಚಿಕಿತ್ಸೆಯ ಪರವಾಗಿ ಈ ಲೇಖನ ಬರೆಯುತ್ತಿದ್ದೇನೆ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಬಯ್ಯುವುದನ್ನು ಓದಿ "ಮಾಸ್ತರ ದವಾಖಾನಿಯವರ ಕಡೆ ಮಾತಾಡಾಕತ್ತಾನ" ಎಂದು ಕಟ್ಟೆಯ ಮೇಲೆ ಕೂತವರು ಅನ್ನುವುದು ಬೇಡ. ಅಂಗಾಲು ಉರಿ, ಕಾಲಿನ ಜೋಮು, ಬೆರಳು ಮರಗಟ್ಟುವುದು, ಇವೆಲ್ಲ ನರದ ಕಾಯಿಲೆಯ ಲಕ್ಷಣಗಳು. ಇದಕ್ಕೆ ಗುಳಿಗೆ ಇಲ್ಲದೆ, ಸೂಜಿ ಇಲ್ಲದೆ ಮಾಡಬಹುದಾದ ಕೆಲಸ ಬಹಳ ಇದೆ. ಆದರೆ "ಔಷಧವಿಲ್ಲದ ಚಿಕಿತ್ಸೆ" ಎಂಬ ಆ ಒಳ್ಳೆಯ ಹೆಸರನ್ನು ಮಶೀನು ಮಾರುವವರು ಹೊತ್ತುಕೊಂಡು ಹೋಗಿದ್ದಾರೆ. ಅದನ್ನು ಅವರ ಕೈಯಿಂದ ಇಸಿದುಕೊಳ್ಳಬೇಕು ಎಂಬುದೇ ನನ್ನ ಜಗಳ.

ಮೂರು-ನಾಲ್ಕು ವರ್ಷಗಳಿಂದ ನಮ್ಮ ಜತ್ತ ತಾಲೂಕಿನ ಪೂರ್ವ ಭಾಗದ ಹಳ್ಳಿಗಳಲ್ಲಿ ಒಂದು ಹೊಸ ಜಾತ್ರೆ ಶುರುವಾಗಿದೆ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಸರಿಯಾಗಿ ಒಂದು ಜೀಪು ಬರುತ್ತದೆ. ಗುಡಿಯ ಮುಂದಿನ ಮಂಟಪದಲ್ಲಿ ಹತ್ತು ದಿನ "ಉಚಿತ ಶಿಬಿರ". ಕಾಲಿಟ್ಟರೆ ಗಡಗಡ ನಡುಗುವ ಹಲಗೆ, ಒಳಗೆ ಕೆಂಪು ದೀಪ ಉರಿಯುವ ಬೂಟು, ಅಯಸ್ಕಾಂತದ ಚಪ್ಪಲಿ, ರಾತ್ರಿ ಅಂಗಾಲಿಗೆ ಅಂಟಿಸಿಕೊಂಡು ಮಲಗುವ ಪಟ್ಟಿ. ಹತ್ತು ದಿನ ಪುಕ್ಕಟೆ ಕೂಡಿಸುತ್ತಾರೆ, "ಕಾಕಾ, ಅತ್ತಿ, ಆಯಿ" ಅಂತ ಮೈದಡವಿ ಮಾತಾಡಿಸುತ್ತಾರೆ. ಹನ್ನೊಂದನೆಯ ದಿನ ಬೆಲೆ ಹೊರಬೀಳುತ್ತದೆ: 12,000 ರೂಪಾಯಿ. "ಗುಳಿಗಿ ಬ್ಯಾಡ, ಸೂಜಿ ಬ್ಯಾಡ, ಸತ್ತ ನರ ಜೀವ ಆಗತೈತಿ" ಎಂಬ ಮಾತಿಗೆ ನಮ್ಮ ಓಣಿಯೊಂದರಲ್ಲೇ ಐದು ಮನೆಗಳು ದುಡ್ಡು ಎಣಿಸಿವೆ. ಒಂದು ಮನೆಯವರು ಮಗಳ ಬಾಣಂತನಕ್ಕೆ ತೆಗೆದಿಟ್ಟ ದುಡ್ಡು ಕೊಟ್ಟರು. ಆ ಮಶೀನು ಈಗ ಅಟ್ಟದ ಮೇಲೆ ಜೋಳದ ಚೀಲದ ಪಕ್ಕದಲ್ಲಿದೆ.

ಬೈಯುವ ಮೊದಲು ಕಾಯಿಲೆ ಏನೆಂದು ತಿಳಿದುಕೊಳ್ಳೋಣ. ಮಿದುಳು ಮತ್ತು ಬೆನ್ನುಹುರಿಯಿಂದ ಹೊರಟು ಮೈಯೆಲ್ಲ ಹರಡಿದ ನರಗಳಿವೆ. ಸೊಂಟದ ಹತ್ತಿರ ಹೊರಟು ಕಾಲ್ಬೆರಳಿನ ತುದಿಗೆ ಮುಟ್ಟುವ ನರ ಹೆಚ್ಚುಕಡಿಮೆ ಒಂದು ಮೀಟರ್ ಉದ್ದ, ಮೈಯಲ್ಲೇ ಅತಿ ಉದ್ದ. ಕಾಲುವೆಯ ನೀರು ಕಡಿಮೆಯಾದಾಗ ಕಟ್ಟಕಡೆಯ ಹೊಲ ಮೊದಲು ಒಣಗುತ್ತದೆ, ಹೌದಲ್ಲ? ಇಲ್ಲಿಯೂ ಹಾಗೇ. ನರಕ್ಕೆ ಕೇಡು ಬಂದಾಗ ಮೊದಲು ಕಾಲ್ಬೆರಳು, ಆಮೇಲೆ ಪಾದ, ಆಮೇಲೆ ಕಾಲುಚೀಲ ಹಾಕಿದಷ್ಟು ಎತ್ತರಕ್ಕೆ ಏರುತ್ತಾ ಹೋಗುತ್ತದೆ. ಮೊಣಕಾಲ ಹತ್ತಿರ ಬರುವ ಹೊತ್ತಿಗೆ ಕೈಬೆರಳಿನ ತುದಿಯಲ್ಲಿಯೂ ಶುರುವಾಗುತ್ತದೆ. "ಮೆಣಸಿನಕಾಯಿ ಅರದು ಹಚ್ಚಿದಂಗ ಆಗತೈತಿ" ಅನ್ನುತ್ತಾರೆ ಒಬ್ಬರು. "ಹತ್ತಿ ಮ್ಯಾಲ ನಡದಂಗ ಆಗತೈತಿ" ಅನ್ನುತ್ತಾರೆ ಇನ್ನೊಬ್ಬರು. ಎರಡೂ ಒಂದೇ ಕಾಯಿಲೆಯ ಮಾತು.

ಗಡಿಯಲ್ಲಿರುವ ನಮಗೆ ಒಂದು ಲಾಭ ಉಂಟು, ಒಂದು ಶಬ್ದಕ್ಕೆ ಎರಡು ಅರ್ಥ ಸಿಗುತ್ತವೆ. ಸರಕಾರಿ ದವಾಖಾನೆಯಲ್ಲಿ ಡಾಕ್ಟರರು ಮರಾಠಿಯಲ್ಲಿ "ಪಾಯ ಬಧಿರ ಝಾಲಾ ಕಾ?" ಎಂದು ಕೇಳುತ್ತಾರೆ. ಮರಾಠಿಯಲ್ಲಿ ಬಧಿರ ಅಂದರೆ ಸ್ಪರ್ಶ ತಿಳಿಯದ್ದು. ನಮ್ಮ ಹಿರಿಯರಿಗೆ ಅದು ಕನ್ನಡದ ಬಧಿರ. ಅವರು "ಕಿವಿ ಚಲೋ ಕೇಳತಾವ್ರಿ" ಎಂದು ಉತ್ತರ ಕೊಟ್ಟು ಎದ್ದು ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಕ್ಕುಬಿಡಬೇಡಿ. ಎರಡು ಭಾಷೆ ಕೂಡಿ ಹೇಳಿದ್ದು ನಿಜವೇ ಆಗಿದೆ. ಆ ಕಾಲು ಕಿವುಡಾಗಿರುತ್ತದೆ. ಮುಳ್ಳು ಚುಚ್ಚಿ ಕೂಗಿದರೂ ಅದಕ್ಕೆ ಕೇಳುವುದಿಲ್ಲ, ಕೆಂಡ ಕೂಗಿದರೂ ಕೇಳುವುದಿಲ್ಲ.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಕಾಯಿಲೆಗೆ ಎರಡು ಮುಖ. ಒಂದು ಉರಿ, ಇನ್ನೊಂದು ಮರಗಟ್ಟುವುದು. ಉರಿಯಿದ್ದವನು ರಾತ್ರಿಯೆಲ್ಲ ನಿದ್ದೆಗೆಟ್ಟು ಹೊರಳಾಡುತ್ತಾನೆ, ಯಾವ ಬೆಲೆಗಾದರೂ ಉಪಶಮನ ಕೊಳ್ಳಲು ತಯಾರಿರುತ್ತಾನೆ. ಮರಗಟ್ಟಿದವನಿಗೆ ಏನೂ ಆಗುವುದಿಲ್ಲ, ಅದಕ್ಕೇ ಅವನು ಏನೂ ಮಾಡುವುದಿಲ್ಲ. ವ್ಯಾಪಾರವೆಲ್ಲ ಉರಿಯ ಸುತ್ತ ನಡೆಯುತ್ತದೆ. ಕಾಲು ಹೋಗುವುದು ಮಾತ್ರ ಮರಗಟ್ಟುವುದರಿಂದ. ಇದಕ್ಕಿಂತ ಕ್ರೂರವಾದ ಇನ್ನೊಂದು ಸಂಗತಿ ಇದೆ. ನರ ಪೂರ್ತಿ ಕೆಟ್ಟುಹೋದಾಗಲೂ ಉರಿ ಕಡಿಮೆಯಾಗಬಹುದು. ಮಶೀನಿನ ಮೇಲೆ ಎರಡು ತಿಂಗಳು ಕಾಲಿಟ್ಟವನು "ಉರಿ ನಿಂತತಿ, ಮಶೀನು ಭಾರಿ ಐತಿ" ಎಂದು ಊರೆಲ್ಲ ಹೇಳಿಕೊಂಡು ಬರುತ್ತಾನೆ. ನಿಂತದ್ದು ರೋಗವೋ, ನರದ ಉಸಿರೋ ಎಂದು ಪರೀಕ್ಷೆ ಮಾಡದೆ ಹೇಗೆ ತಿಳಿಯಬೇಕು? ಕೂಸು ಅಳು ನಿಲ್ಲಿಸಿದರೆ ಹೆತ್ತವಳು ಹೋಗಿ ನೋಡುತ್ತಾಳೆ, ಮಲಗಿತೋ ಇಲ್ಲ ಮೂರ್ಛೆ ಹೋಯಿತೋ ಎಂದು. ಅಷ್ಟು ಎಚ್ಚರ ನಮ್ಮ ಕಾಲಿನ ಬಗ್ಗೆ ನಮಗಿಲ್ಲ.

ನಮ್ಮ ಓಣಿಯ ಹಿರಿಯರೊಬ್ಬರು ಹೀಗೆ ಕೊಂಡ ಬಿಸಿ ಮಶೀನಿನಲ್ಲಿ ಕಾಲಿಟ್ಟು ಟಿ.ವಿ. ನೋಡುತ್ತ ಕೂತರು. ಬೆಚ್ಚಗೆ ಹಿತವಾಗಿದೆ ಎಂದುಕೊಂಡಿದ್ದರು. ಮರುದಿನ ಬೆಳಿಗ್ಗೆ ಅಂಗಾಲಿನ ಬೊಬ್ಬೆ ನೋಡಿದ್ದು ಅವರಲ್ಲ, ಪಕ್ಕದಲ್ಲಿ ಆಡುತ್ತಿದ್ದ ಮೊಮ್ಮಗಳು. ಬೊಬ್ಬೆ ಒಡೆದು ಹುಣ್ಣಾಯಿತು, ಹುಣ್ಣು ಎಲುಬಿಗೆ ಇಳಿಯಿತು. ಮಿರಜಿನಲ್ಲಿ ಎರಡು ಬೆರಳು ತೆಗೆದರು. ಮಶೀನು ಮಾರಿದವನ ಫೋನು ಆಗಲೂ ಸ್ವಿಚ್ ಆಫ್, ಈಗಲೂ ಸ್ವಿಚ್ ಆಫ್. ಸಕ್ಕರೆ ಕಾಯಿಲೆಯಿಂದ ಕಾಲು ಕತ್ತರಿಸಿಕೊಂಡವರಲ್ಲಿ 100ಕ್ಕೆ 80ಕ್ಕೂ ಹೆಚ್ಚು ಜನರಿಗೆ ಮೊದಲು ಬಂದದ್ದು ಇಂಥ ಒಂದು ಹುಣ್ಣೇ ಎಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಅಂದರೆ ಹುಣ್ಣು ತಪ್ಪಿಸಿದರೆ ಹೆಚ್ಚಿನ ಕಾಲುಗಳು ಉಳಿಯುತ್ತವೆ. ಭಾರತದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿತು. ಎಷ್ಟು ಕಾಲುಗಳ ಮಾತು ಇದು ಎಂದು ನೀವೇ ಎಣಿಸಿ.

"ಮಶೀನೆಲ್ಲ ಸುಳ್ಳೇನ್ರಿ?" ಎಂದು ಕೇಳುವವರಿಗೆ ನ್ಯಾಯವಾಗಿ ಉತ್ತರ ಕೊಡಬೇಕು. ಚರ್ಮಕ್ಕೆ ಪಟ್ಟಿ ಅಂಟಿಸಿ ಸಣ್ಣ ಕರೆಂಟು ಬಿಡುವ ಟೆನ್ಸ್ ಎಂಬ ಉಪಕರಣವಿದೆ. ಸಕ್ಕರೆ ಕಾಯಿಲೆಯ ನರದ ನೋವಿಗೆ ಅದು ಉಪಯೋಗವಾಗಬಹುದು ಎಂದು ಅಮೆರಿಕದ ನರವೈದ್ಯರ ಅಕಾಡೆಮಿ 2010ರಲ್ಲಿ ಹೇಳಿದೆ. ಅದೇ ವರದಿ, ಹಳೆಯ ಸೊಂಟನೋವಿಗೆ ಅದು ಕೆಲಸ ಮಾಡುವುದಿಲ್ಲ ಎಂದೂ ಹೇಳಿದೆ. ನಮ್ಮ ಶಿಬಿರದವರು ಅದನ್ನು ಸೊಂಟಕ್ಕೂ ಮಾರಿದರು, ಮೊಣಕಾಲಿಗೂ ಮಾರಿದರು, ಕಿವಿಯ ಗುಂಯ್‌ಗುಡುವುದಕ್ಕೂ ಮಾರಿದರು. ಅದರ ಉಪಯೋಗ ನೋವಿನ ಮಟ್ಟಿಗೆ ಮಾತ್ರ. ಕೆಟ್ಟ ನರವನ್ನು ಅದು ಕಟ್ಟಿಕೊಡುವುದಿಲ್ಲ, ಹೋದ ಸ್ಪರ್ಶವನ್ನು ತಂದುಕೊಡುವುದಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಕೂಡಿಸಿಕೊಂಡವರು ಡಾಕ್ಟರರನ್ನು ಕೇಳದೆ ಅದನ್ನು ಮುಟ್ಟಲೂಬಾರದು. ಶಿಬಿರದಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿದರೇ?

ಕೆಂಪು ದೀಪದ ಬೂಟಿನ ಕಥೆ ಇನ್ನೂ ಚೆನ್ನಾಗಿದೆ. 2008ರಲ್ಲಿ ಅಮೆರಿಕದಲ್ಲಿ ಇಂಥ ದೀಪದ ಚಿಕಿತ್ಸೆಯನ್ನು ಪರೀಕ್ಷೆಗೆ ಒಡ್ಡಿದರು. ಕೆಲವರಿಗೆ ನಿಜವಾದ ದೀಪ, ಕೆಲವರಿಗೆ ನೋಡಲು ಹಾಗೇ ಇರುವ ಹುಸಿ ದೀಪ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಪರೀಕ್ಷೆ ಮಾಡುವವರಿಗೂ ಗೊತ್ತಿಲ್ಲ. ದಿನಕ್ಕೆ 40 ನಿಮಿಷದಂತೆ 90 ದಿನ ಬಳಸಿ ನೋಡಿದಾಗ ನಿಜ ದೀಪಕ್ಕೂ ಹುಸಿ ದೀಪಕ್ಕೂ ವ್ಯತ್ಯಾಸವೇ ಕಾಣಲಿಲ್ಲ. 2011ರಲ್ಲಿ ಅದೇ ನರವೈದ್ಯರ ಅಕಾಡೆಮಿ ವಿದ್ಯುತ್ಕಾಂತದ ಚಿಕಿತ್ಸೆ, ಕಡಿಮೆ ಶಕ್ತಿಯ ಲೇಸರ್, ಕೈಯಿಟ್ಟು ಶಕ್ತಿ ಹರಿಸುವ ರೇಕಿ, ಈ ಮೂರನ್ನೂ ಈ ನೋವಿಗೆ ಹಿಡಿಯಬೇಕಾಗಿಲ್ಲ ಎಂದಿತು. ರಾತ್ರಿ ಅಂಟಿಸಿದ ಪಟ್ಟಿ ಬೆಳಿಗ್ಗೆ ಕಪ್ಪಾಗುತ್ತದಲ್ಲ, ಅದು ಮೈಯೊಳಗಿನ ವಿಷವಂತೆ! ಆ ಪಟ್ಟಿಯ ಮೇಲೆ ಕಾದ ನೀರಿನ ಹಬೆ ಹಿಡಿದು ನೋಡಿರಿ, ಯಾರ ಅಂಗಾಲೂ ಇಲ್ಲದೆ ಅದು ಕಪ್ಪಾಗುತ್ತದೆ. ಅದರೊಳಗಿನ ಪುಡಿಗೆ ಹಸಿ ತಾಗಿದರೆ ಬಣ್ಣ ಬದಲಾಗುತ್ತದೆ, ಅಷ್ಟೇ. ಗುರುಗಳೇ, ಇದನ್ನು ಏಳನೆಯ ತರಗತಿಯ ವಿಜ್ಞಾನದ ಪಾಠದಲ್ಲಿ ಮಕ್ಕಳ ಕೈಯಿಂದಲೇ ಮಾಡಿಸಬಹುದು.

ಹಾಗಾದರೆ ನಿಜವಾದ ಔಷಧವಿಲ್ಲದ ಚಿಕಿತ್ಸೆ ಯಾವುದು? ಅದು ನಮ್ಮ ದೇಶದಲ್ಲೇ, ಕುಷ್ಠರೋಗಿಗಳ ನಡುವೆ ಕಲಿತ ಪಾಠ. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರಿದ್ದರು. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದವರು, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದವರು. ಕುಷ್ಠದಿಂದ ಬೆರಳು ತಾನಾಗಿಯೇ ಕೊಳೆತು ಉದುರುತ್ತದೆ ಎಂದು ಅಲ್ಲಿಯವರೆಗೆ ಲೋಕವೆಲ್ಲ ನಂಬಿತ್ತು. ಬ್ರ್ಯಾಂಡ್ ಅವರು ಒಬ್ಬೊಬ್ಬ ರೋಗಿಯ ಒಂದೊಂದು ಗಾಯದ ಹಿಂದೆ ಬಿದ್ದು ನೋಡಿದರು. ಬಿಸಿ ಪಾತ್ರೆ ಹಿಡಿದದ್ದು, ಮೊಳೆ ತುಳಿದದ್ದು, ಉಜ್ಜುವ ಚಪ್ಪಲಿಯಲ್ಲೇ ಮೈಲಿಗಟ್ಟಲೆ ನಡೆದದ್ದು. ರಾತ್ರಿ ಇಲಿ ಬಂದು ಬೆರಳು ಕಡಿದರೂ ಮಲಗಿದವನಿಗೆ ಎಚ್ಚರವಾಗಿರಲಿಲ್ಲ. ಅದಕ್ಕೆ ಅವರು ಹುಡುಕಿದ ಚಿಕಿತ್ಸೆ ಏನು ಗೊತ್ತೇ? ರೋಗಿಗಳ ಜೊತೆ ಬೆಕ್ಕು ಸಾಕಿಸಿದ್ದು! ನೋವು ಎಂಬ ಕಾವಲುಗಾರ ಹೋದ ಮೇಲೆ ಆ ಕೆಲಸವನ್ನು ಕಣ್ಣು ಮಾಡಬೇಕು, ಚಪ್ಪಲಿ ಮಾಡಬೇಕು, ಮನೆಯ ಮಂದಿ ಮಾಡಬೇಕು. ಅವರು ಕಂಡುಕೊಂಡದ್ದು ಇಷ್ಟೇ. ಸಕ್ಕರೆ ಕಾಯಿಲೆಯ ಕಾಲಿಗೂ ಈ ಪಾಠ ಅಕ್ಷರಶಃ ಹೊಂದುತ್ತದೆ.

ಮೊದಲ ಕೆಲಸ, ಕಾಲು ಕಿವುಡಾಗಿದೆಯೋ ಇಲ್ಲವೋ ತಿಳಿಯುವುದು. ದವಾಖಾನೆಯಲ್ಲಿ 10 ಗ್ರಾಂ ಭಾರಕ್ಕೆ ಬಾಗುವ ಒಂದು ನೈಲಾನ್ ಎಳೆಯಿಂದ ಮುಟ್ಟಿ ನೋಡುತ್ತಾರೆ. ಆ ಎಳೆ ಇಲ್ಲದಿದ್ದರೂ ನಡೆಯುತ್ತದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು ಬರಿ ಬೆರಳಿನ ಪರೀಕ್ಷೆಯನ್ನು ರೂಢಿಗೆ ತಂದಿದ್ದಾರೆ. ಕಾಯಿಲೆಯವರು ಕಣ್ಣು ಮುಚ್ಚಿ ಮಲಗಬೇಕು. ಇನ್ನೊಬ್ಬರು ತೋರುಬೆರಳಿನ ತುದಿಯನ್ನು ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಗೆ ಒಂದೆರಡು ಸೆಕೆಂಡು ಹಗುರವಾಗಿ ತಾಗಿಸಬೇಕು. ಎರಡೂ ಕಾಲು ಸೇರಿ ಆರು ಕಡೆ. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು, ಒಂದೇ ಕಡೆ ಮತ್ತೆ ಮತ್ತೆ ಮುಟ್ಟಬಾರದು. ತಿಳಿದಾಗ "ಎಡಕ್ಕ, ಬಲಕ್ಕ" ಎಂದು ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಆ ಕಾಲು ಅಪಾಯದಲ್ಲಿದೆ ಎಂದು ಅರ್ಥ. ಖರ್ಚು ಸೊನ್ನೆ. ಎರಡನೆಯ ತರಗತಿಯ ಮೊಮ್ಮಗಳು ಅಜ್ಜನಿಗೆ ಇದನ್ನು ಮಾಡಬಲ್ಲಳು.

ಎರಡನೆಯ ಕೆಲಸ, ದಿನಾ ನೋಡುವುದು. ಮಲಗುವ ಮುಂಚೆ ಕಾಲು ತೊಳೆದು, ಬೆರಳ ಸಂದಿಯ ನೀರು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಬೇಕು. ಗಾಯ, ಬೊಬ್ಬೆ, ಬಿರುಕು, ಕೆಂಪು, ಕಪ್ಪು, ಬಾವು. ಕಣ್ಣು ಮಂಜಾದವರಿಗೆ ಮನೆಯವರು ನೋಡಬೇಕು. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಬೇಡ. ಸ್ನಾನದ ನೀರನ್ನು ಕಾಲಿಟ್ಟು ನೋಡಬಾರದು, ಮೊಣಕೈ ಅದ್ದಿ ನೋಡಬೇಕು. ಕಾದ ಇಟ್ಟಿಗೆ, ಬಿಸಿನೀರಿನ ಚೀಲ, ಒಲೆಯ ಮುಂದೆ ಕಾಲು ಚಾಚುವುದು, ಮೂರೂ ಬೇಡ. ಆಣಿಯನ್ನು, ಗಟ್ಟಿ ಚರ್ಮವನ್ನು ಬ್ಲೇಡಿನಿಂದ ಹೆರೆದುಕೊಳ್ಳಬೇಡಿ. ಕಾಲ್ಮರಿ ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ, ಒಂದು ಹರಳು ಸಾಕು. ಮನೆಯೊಳಗೂ ಚಪ್ಪಲಿ ಬೇಕು, ಹೊಲದಲ್ಲಂತೂ ಬೇಕೇ ಬೇಕು. ನಮ್ಮ ಹೊಲಗಳಲ್ಲಿ ಜಾಲಿಮುಳ್ಳು, ನೆಗ್ಗಿಲಮುಳ್ಳು, ಕೊಯ್ದ ಜೋಳದ ಕೂಳೆ, ದಾಳಿಂಬೆ ತೋಟದ ಸವರಿದ ಟೊಂಗೆ ಎಲ್ಲ ಕಾಯುತ್ತಿರುತ್ತವೆ. ಹುಣ್ಣು ಕಂಡರೆ, ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯಾಗಿ ಬಾತರೆ, ಬೆರಳು ಕಪ್ಪಾದರೆ, ಅದೇ ದಿನ ದವಾಖಾನೆ. "ನೋವಿಲ್ಲ, ನಾಳೆ ನೋಡೋಣ" ಎನ್ನುವ ಮಾತೇ ಈ ಕಾಯಿಲೆಯ ಬಲೆ. ನೋವಿಲ್ಲದಿರುವುದೇ ರೋಗವಲ್ಲವೇ?

"ಇಷ್ಟೆಲ್ಲ ದಿನಾ ಯಾರು ಮಾಡ್ತಾರ್ರಿ?" ಎಂದು ಕೇಳುವ ರೈತಬಂಧುಗಳಿಗೆ ನನ್ನದೊಂದು ಪ್ರಶ್ನೆ. ಎತ್ತಿನ ಗೊರಸನ್ನು ಯಾರು ನೋಡುತ್ತಾರೆ? ಎತ್ತು ಒಂದು ಹೆಜ್ಜೆ ಕುಂಟಿದರೆ ಕಾಲೆತ್ತಿಸಿ ಗೊರಸು ನೋಡುತ್ತೀರಿ, ದಾರಿಗೆ ಹೂಡುವ ಮೊದಲು ನಾಲು ಹೊಡೆಸುತ್ತೀರಿ, ಕಾರಹುಣ್ಣಿಮೆಗೆ ಮೈತೊಳೆದು ಕೊಂಬಿನಿಂದ ಗೊರಸಿನವರೆಗೆ ಸಿಂಗರಿಸುತ್ತೀರಿ. ಎತ್ತಿಗೆ ಕೊಟ್ಟ ಆ ಐದು ನಿಮಿಷವನ್ನು ಹೊಲದ ಒಡೆಯನ ಕಾಲಿಗೆ ಕೊಡಲು ಪುರಸೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ಮನೆಯ ಹೆಣ್ಣುಮಕ್ಕಳ ಮಾತು ಇನ್ನೂ ಕಷ್ಟ. ಎಲ್ಲರ ಊಟವಾದ ಮೇಲೆ ಉಂಡು, ಎಲ್ಲರೂ ಮಲಗಿದ ಮೇಲೆ ಮಲಗುವ ಅವ್ವನ ಅಂಗಾಲನ್ನು ಯಾರು ನೋಡಿದ್ದಾರೆ? ಅವಳು ಬರಿಗಾಲಲ್ಲೇ ಒಲೆ ಮುಂದೆ, ಬರಿಗಾಲಲ್ಲೇ ಹಿತ್ತಲಿಗೆ.

ಮೂರನೆಯ ಕೆಲಸ ನಡಿಗೆ ಮತ್ತು ಸಕ್ಕರೆಯ ಹಿಡಿತ. ಕಾಲು ಮರಗಟ್ಟಿದೆ ಎಂದು ಕಟ್ಟೆಗೆ ಅಂಟಿಕೊಂಡು ಕೂರುವುದು ತಪ್ಪು. ಹುಣ್ಣಿಲ್ಲದವರು ಸರಿಯಾದ ಚಪ್ಪಲಿ ಹಾಕಿ ದಿನಾ ನಡೆಯಬೇಕು. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕುರ್ಚಿಯಿಂದ ಕೈಯೂರದೆ ಏಳುವುದು ಮಾಡಿದರೆ ಕಾಲಿಗೆ ಬಲ ಬರುತ್ತದೆ, ಕತ್ತಲಲ್ಲಿ ತೂರಾಡಿ ಬೀಳುವುದು ಕಡಿಮೆಯಾಗುತ್ತದೆ. ಹುಣ್ಣಿದ್ದವರು ಮಾತ್ರ ಆ ಕಾಲಿನ ಮೇಲೆ ಭಾರ ಹಾಕಬಾರದು. ಸಕ್ಕರೆಯ ಹಿಡಿತದ ಬಗ್ಗೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ದೊಡ್ಡ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಇನ್ಸುಲಿನ್ ಬೇಕೇ ಬೇಕಾದ ಒಂದನೆಯ ಬಗೆಯ ಸಕ್ಕರೆ ಕಾಯಿಲೆಯವರಲ್ಲಿ ಬಿಗಿಯಾದ ಹಿಡಿತದಿಂದ ನರದ ಕೇಡು 60 ಪ್ರತಿಶತ ಕಡಿಮೆಯಾಯಿತು. ನಮ್ಮ ಊರುಗಳಲ್ಲಿ ಹೆಚ್ಚಾಗಿರುವ ಎರಡನೆಯ ಬಗೆಯಲ್ಲಿ ನರಕ್ಕೆ ಸಿಗುವ ಲಾಭ ಅಷ್ಟು ದೊಡ್ಡದಲ್ಲ. ಆದರೆ ಅದೇ ಹಿಡಿತ ಕಣ್ಣನ್ನೂ ಮೂತ್ರಪಿಂಡವನ್ನೂ ಕಾಯುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಔಷಧವಿಲ್ಲದ ಚಿಕಿತ್ಸೆ ಅಂದರೆ ಔಷಧ ಬಿಡುವ ಚಿಕಿತ್ಸೆಯಲ್ಲ. ಶಿಬಿರದವರ ಮಾತು ಕೇಳಿ ಸಕ್ಕರೆ ಗುಳಿಗೆ ಕಸದ ತಿಪ್ಪೆಗೆ ಎಸೆದವರು ನಮ್ಮಲ್ಲಿದ್ದಾರೆ. ಅದು ಬಾವಿಯ ಕಟ್ಟೆ ಒಡೆದು ಹಗ್ಗ ಉಳಿಸಿದ ಹಾಗೆ. ಮತ್ತೆ, ಜೋಮು ಎಂದ ಕೂಡಲೆ ಸಕ್ಕರೆಯೇ ಕಾರಣ ಎಂದೂ ತೀರ್ಮಾನಿಸಬಾರದು. ಮಾಂಸ ಮುಟ್ಟದ ಮನೆಗಳಲ್ಲಿ, ಹಾಲು-ಮಜ್ಜಿಗೆಯೂ ಕಡಿಮೆಯಾದಾಗ, ಬಿ-12 ಜೀವಸತ್ವ ಕೊರತೆಯಾಗಿ ನರ ಕೆಡುತ್ತದೆ. ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿಯೂ ಅದು ಇಳಿಯಬಹುದು. ಆ ಕೊರತೆಗೆ ಬಿ-12 ಗುಳಿಗೆ ಅಥವಾ ಸೂಜಿಯೇ ಮದ್ದು, ತಡಮಾಡಿದರೆ ಕೆಟ್ಟದ್ದು ಪೂರ್ತಿ ತಿರುಗಿ ಬರುವುದಿಲ್ಲ. ಆದರೆ ರಕ್ತ ಪರೀಕ್ಷೆ ಮಾಡದೆ, ಕಂಡಕಂಡವರಿಗೆಲ್ಲ "ನರದ ಸೂಜಿ" ಚುಚ್ಚಿ ದುಡ್ಡು ಎಣಿಸುವ ಡಾಕ್ಟರರನ್ನೂ ನಾನು ಬಿಡುವುದಿಲ್ಲ. ಅವರೂ ಜೀಪಿನವರ ಬೀಗರೇ. ಸೆರೆ ಕುಡಿತ, ಥೈರಾಯ್ಡ್, ಮೂತ್ರಪಿಂಡದ ಕಾಯಿಲೆ, ಕ್ಷಯಕ್ಕೆ ಕೊಡುವ ಕೆಲವು ಔಷಧಗಳು, ಕ್ಯಾನ್ಸರಿಗೆ ಕೊಡುವ ಕೆಲವು ಔಷಧಗಳು, ಇವುಗಳಿಂದಲೂ ಜೋಮು ಬರುತ್ತದೆ. ಮೈಮೇಲೆ ಬಣ್ಣಗೆಟ್ಟ, ಮುಟ್ಟಿದರೆ ತಿಳಿಯದ ಮಚ್ಚೆಯಿದ್ದರೆ ಅದು ಕುಷ್ಠವಿರಬಹುದು. ಅದನ್ನು ಬಚ್ಚಿಡಬೇಡಿ. 6 ಅಥವಾ 12 ತಿಂಗಳ ಔಷಧ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ, ರೋಗ ವಾಸಿಯಾಗುತ್ತದೆ. ಇನ್ನು, ಎರಡೂ ಕಾಲಿನ ಶಕ್ತಿ ಎರಡು-ಮೂರು ದಿನದಲ್ಲೇ ಇಳಿಯುತ್ತ ಮೇಲಕ್ಕೆ ಏರಿದರೆ ಈ ಲೇಖನ ಬದಿಗಿಟ್ಟು ತಕ್ಷಣ ದೊಡ್ಡ ದವಾಖಾನೆಗೆ ಹೋಗಬೇಕು.

ಈಗ ಕೆಲವರಿಗೆ ಸಿಟ್ಟು ಬರುವ ಮಾತು. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಕಡೆ ಪಾದಯಾತ್ರೆ ಹೊರಡುವವರು, ಕೋಜಾಗಿರಿ ಹುಣ್ಣಿಮೆಗೆ ಸೋಲಾಪುರದಿಂದ ತುಳಜಾಪುರಕ್ಕೆ ನಡೆಯುವವರು, ಆಷಾಢದಲ್ಲಿ ಪಂಢರಪುರದ ವಾರಿಗೆ ಹೋಗುವವರು, ಮೊಹರಮ್ಮಿನ ಅಗ್ನಿಕುಂಡ ಹಾಯುವವರು. ಇವರಲ್ಲಿ ಎಷ್ಟೋ ಜನರದು ಬರಿಗಾಲ ಹರಕೆ. ನಾನು ಭಕ್ತಿಗೆ ವಿರೋಧಿಯಲ್ಲ, ನಾನೂ ಗುಡ್ಡಾಪುರಕ್ಕೆ ನಡೆಯುತ್ತೇನೆ. ಆದರೆ ಕಿವುಡು ಕಾಲಿನವರಿಗೆ ಬರಿಗಾಲ ಹರಕೆ ಬೇಡ ಎನ್ನುತ್ತೇನೆ. ಹರಕೆಯ ಅರ್ಥ ನೋವು ಸಹಿಸುವುದಾದರೆ, ನೋವೇ ತಿಳಿಯದ ಕಾಲು ಸಹಿಸುವುದಾದರೂ ಏನನ್ನು? ದಾಸೋಹದ ಹೆಸರಿನಲ್ಲಿ ಪೂಜೆಗೊಳ್ಳುವ ತಾಯಿ ಭಕ್ತನ ಬೆರಳು ಬೇಡುವವಳಲ್ಲ. ನಡೆಯುವ ಹರಕೆಯನ್ನು ಕಾಲ್ಮರಿ ಮೆಟ್ಟಿ ತೀರಿಸಿ. ಉಳಿದ ಹರಕೆಯನ್ನು ಒಂದು ಹೊತ್ತಿನ ಪ್ರಸಾದ ಮಾಡಿಸಿ ತೀರಿಸಿ. ಊರಿನ ಗುಡಿಯ ಪಂಚರು ಬೇಸಿಗೆಯಲ್ಲಿ ಕಾದ ಕಲ್ಲಿನ ಮೇಲೆ ಒಂದು ಚಾಪೆ ಹಾಸಲಿ. ಬಟ್ಟೆಯ ಕಾಲುಚೀಲ ಹಾಕಿ ಬಂದವರನ್ನು ಬಾಗಿಲಲ್ಲಿ ತಡೆಯದಿರಲಿ. ಮಂಟಪವನ್ನು ಜೀಪಿನವರಿಗೆ ಹತ್ತು ದಿನ ಬಿಟ್ಟುಕೊಟ್ಟ ಪಂಚರಿಗೆ ಇಷ್ಟು ಮಾಡುವುದು ಭಾರವಾಗಬಾರದು.

ಸರಕಾರಕ್ಕೂ ಒಂದು ಪ್ರಶ್ನೆ ಇದೆ. ಸ್ಪರ್ಶ ಕಳೆದುಕೊಂಡ ಕಾಲಿಗೆಂದು ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿಯನ್ನು ಕುಷ್ಠರೋಗಿಗಳಿಗೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪುಕ್ಕಟೆ ಕೊಡುತ್ತಾರೆ. ಬಹಳ ಒಳ್ಳೆಯ ಕೆಲಸ. ಸಕ್ಕರೆಯಿಂದ ಸತ್ತ ನರವೂ ಅದೇ ನರ, ತುಳಿಯುವುದೂ ಅದೇ ಮುಳ್ಳು. ಆದರೆ ನಮ್ಮ ಉಪಕೇಂದ್ರದಲ್ಲಿ ಸಕ್ಕರೆ ಕಾಯಿಲೆಯವರಿಗೆ ಅಂಥ ಚಪ್ಪಲಿ ಕೊಟ್ಟದ್ದನ್ನು ನಾನು ಕಂಡಿಲ್ಲ. ಬೆರಳು ಕತ್ತರಿಸಲು ಯೋಜನೆಯ ಕಾರ್ಡು ನಡೆಯುತ್ತದೆ, ಬೆರಳು ಉಳಿಸುವ ಚಪ್ಪಲಿಗೆ ಕಾರ್ಡಿಲ್ಲ. ಇದನ್ನು ಗ್ರಾಮಸಭೆಯಲ್ಲಿ ಬರಹದಲ್ಲಿ ಕೇಳೋಣ.

ಭಾಷೆಯ ಮಾತು ಕೊನೆಗೆ ಇಟ್ಟುಕೊಂಡಿದ್ದೆ. ಉಪಕೇಂದ್ರದ ಗೋಡೆಯ ಮೇಲೆ ಕಾಲಿನ ಆರೈಕೆಯ ಚಿತ್ರಪಟವೊಂದಿದೆ, ಮರಾಠಿಯಲ್ಲಿ. ಮರಾಠಿ ನಮ್ಮ ನೆರೆಯ ಭಾಷೆ, ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಅದನ್ನು ಓದಬೇಕಾದ ಅರವತ್ತು ದಾಟಿದವರು ಕನ್ನಡ ಶಾಲೆಯಲ್ಲಿ ಓದಿದವರು, ಇಲ್ಲವೇ ಓದದೆ ಕನ್ನಡ ಮಾತ್ರ ಆಡುವವರು. ಜೀಪಿನವರ ಕರಪತ್ರ ನೋಡಿದಿರಾ? ಅಚ್ಚುಕಟ್ಟಾದ ಕನ್ನಡ, ದಪ್ಪಕ್ಷರ, ನಮ್ಮದೇ ಮಾತಿನ ಧಾಟಿ. ಮಾರುವವನು ನಮ್ಮ ಭಾಷೆ ಕಲಿತು ಬರುತ್ತಾನೆ. ಎಚ್ಚರಿಸಬೇಕಾದವರು ಬೇರೆ ಭಾಷೆಯಲ್ಲಿ ಅಂಟಿಸಿ ಹೋಗುತ್ತಾರೆ. ಕನ್ನಡ ಶಾಲೆ ಉಳಿಯಬೇಕು, ಕನ್ನಡ ಬೋರ್ಡು ಬೇಕು ಎಂದು ನಾವು ವರ್ಷವರ್ಷ ಅರ್ಜಿ ಬರೆಯುತ್ತೇವೆ. ಆ ಅರ್ಜಿಯಲ್ಲಿ ಈ ಚಿತ್ರಪಟವೂ ಒಂದು ಸಾಲಾಗಿ ಸೇರಲಿ.

ಅದು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಶಿಕ್ಷಕ ಬಂಧುಗಳೇ, ಆರು ಬೆರಳು ಮುಟ್ಟುವ ಪರೀಕ್ಷೆಯನ್ನು ಐದರಿಂದ ಮೇಲಿನ ಮಕ್ಕಳಿಗೆ ಕಲಿಸಿ. ಒಂದು ವಾರದ ಮನೆಗೆಲಸ ಅದೇ ಆಗಲಿ: ಮನೆಯ ಹಿರಿಯರ ಕಾಲು ಮುಟ್ಟಿ ನೋಡಿ, ಎಷ್ಟು ಕಡೆ ತಿಳಿಯಿತು ಎಂದು ಬರೆದು ತರುವುದು. ಎರಡು ಕಡೆ ತಪ್ಪಿದವರ ಹೆಸರನ್ನು ಆಶಾ ಅಕ್ಕನ ಕೈಗೆ ಕೊಡಿ. ಮಕ್ಕಳಿಗೆ ವಿಜ್ಞಾನವೂ ಆಯಿತು, ಹಿರಿಯರ ಕಾಲು ಮುಟ್ಟುವ ಸಂಸ್ಕಾರವೂ ಆಯಿತು.

ನಮ್ಮ ವಾಚನಾಲಯದಲ್ಲಿ ಪತ್ರಿಕೆ ಓದುವ ಮೇಜಿನ ಪಕ್ಕದ ಗೋಡೆಗೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ, ಒಂದು ಕನ್ನಡಿ ಜಡಿಸಿದ್ದೇವೆ. ಎದುರಿಗೆ ಒಂದು ಬೆಂಚು. 150 ರೂಪಾಯಿ ಖರ್ಚಾಯಿತು. ಅಮಾವಾಸ್ಯೆಯ ದಿನ ಎತ್ತು ಹೂಡುವುದಿಲ್ಲವಲ್ಲ, ಅಂದು ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ನಾನು ಅಲ್ಲೇ ಇರುತ್ತೇನೆ. ಪೇಪರು ಓದಲು ಬಂದವರು ಕಾಲು ತೊಳೆದುಕೊಂಡು ಬನ್ನಿ, ಜೊತೆಗೆ ಮನೆಯ ಅವ್ವಂದಿರನ್ನೂ ಕರೆತನ್ನಿ. ಅಟ್ಟದ ಮೇಲೆ ಮಶೀನು ಇಟ್ಟವರು ಅದನ್ನೂ ತನ್ನಿ. ಎಷ್ಟು ಕೊಟ್ಟಿರಿ, ಯಾವಾಗ ಕೊಟ್ಟಿರಿ, ಏನೆಂದು ಹೇಳಿ ಕೊಟ್ಟರು, ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಡುತ್ತೇವೆ. ಮುಂದಿನ ಸುಗ್ಗಿಗೆ ಜೀಪು ಬಂದಾಗ ಆ ವಹಿಯನ್ನು ಮಂಟಪದಲ್ಲಿ ಎಲ್ಲರ ಮುಂದೆ ಓದೋಣ.